ಕಿರ್ಗಿಜರು ಕಿರ್ಗಿಜರಾಗಿ ಉಳಿದದ್ದು ಭಾಷೆಯಿಂದಲೇ?

ಬಿಳಿಗಿರಿ_ಓದುಗ

ಕಿರ್ಗಿಜ್‌ಸ್ತಾನದ ಲೇಖಕ ಚಿಂಗೀಜ್ ಐತ್ಮಾತೊವ್ ಅವರ 1980ರ ಕಾದಂಬರಿಯಲ್ಲಿ ಬರುವ ‘ಮಂಕುರ್ತ್’ ಕಥೆ ಇಲ್ಲಿ ಕೆಲವರಿಗಾದರೂ ಗೊತ್ತಿರುತ್ತೆ. ಸೆರೆಸಿಕ್ಕವನ ತಲೆ ಬೋಳಿಸಿ, ಆಗಷ್ಟೇ ಸುಲಿದ ಒಂಟೆ ಚರ್ಮವನ್ನು ಬಿಗಿಯಾಗಿ ಸುತ್ತಿ ಬಿಸಿಲಿಗೆ ಬಿಡುತ್ತಾರೆ. ಚರ್ಮ ಒಣಗಿ ತಲೆಯನ್ನು ಹಿಂಡುತ್ತದೆ. ಸತ್ತವರು ಸತ್ತರು, ಬದುಕಿದವನಿಗೆ ತನ್ನ ಹೆಸರೂ ನೆನಪಿಲ್ಲ, ಅಪ್ಪನ ಹೆಸರೂ ನೆನಪಿಲ್ಲ. ಹುಡುಕಿಕೊಂಡು ಬಂದ ತಾಯಿ ‘ನಿನ್ನಪ್ಪ ದೊನೆನ್‌ಬಾಯ್ ಕಣೋ’ ಅಂತ ಮತ್ತೆ ಮತ್ತೆ ಹೇಳಿದರೂ ತಟ್ಟುವುದಿಲ್ಲ. ಒಡೆಯ ಹೇಳಿದ ಅಂತ ಮಗನೇ ಬಾಣ ಬಿಟ್ಟು ಅವಳನ್ನು ಕೊಲ್ಲುತ್ತಾನೆ.

ಬೇರು ಮರೆತವರನ್ನು ಬೈಯಲು ಮಧ್ಯ ಏಷ್ಯಾದ ಉದ್ದಕ್ಕೂ ಈಗ ಬಳಸುವ ಮಾತು ‘ಮಂಕುರ್ತ್’. ತಾಯ್ನುಡಿ ಬರದ ನಗರದ ಕಿರ್ಗಿಜರಿಗೂ ಇದೇ ಬೈಗುಳ. ನನಗೆ ಬಿಡಿಸಲಾಗದ ಗಂಟು ಇಲ್ಲೇ ಇರುವುದು. ಆ ಕಾದಂಬರಿ ಬರೆದದ್ದು ರಷ್ಯನ್ ಭಾಷೆಯಲ್ಲಿ! ಐತ್ಮಾತೊವ್ ಶುರುವಿನಲ್ಲಿ ಕಿರ್ಗಿಜ್‌ನಲ್ಲಿ ಬರೆದರು, ಆಮೇಲೆ ಹೆಚ್ಚಾಗಿ ರಷ್ಯನ್‌ಗೆ ಹೊರಳಿದರು. ಕಿರ್ಗಿಜ್ ಗುರುತಿನ ಬಗ್ಗೆ ಅತಿ ದೊಡ್ಡ ಕೂಗು ಎದ್ದದ್ದೇ ರಷ್ಯನ್‌ನಲ್ಲಿ ಅಂದಮೇಲೆ, ಭಾಷೆಯೇ ಗುರುತು ಅನ್ನುವ ಮಾತು ಎಷ್ಟು ದೂರ ನಿಲ್ಲುತ್ತದೆ? ಗೊತ್ತಿದ್ದವರು ಹೇಳಿ.

ತರ್ಕಕ್ಕೆ_ನಿಂತವ

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಸರ್. ನಿಲ್ಲೋದಿಲ್ಲ. ಐರಿಶರು ನೋಡಿ, ಬಹುಪಾಲು ಜನ ಮನೆಯಲ್ಲಿ ಇಂಗ್ಲಿಷ್ ಆಡ್ತಾರೆ, ಐರಿಶ್ ಆಗಿಯೇ ಇದ್ದಾರೆ. ಅಲ್ಲಿನ ರಾಜಧಾನಿ ಬಿಷ್ಕೆಕ್‌ನಲ್ಲಿ ರಷ್ಯನ್ ಆಡೋ ಕಿರ್ಗಿಜ್ ಕೂಡ ಕಿರ್ಗಿಜನೇ. ಭಾಷೆಗೆ ಇಲ್ಲದ ದೈವತ್ವ ಕೊಡೋದು ನಮ್ಮ ಕಡೆಯವರ ಚಾಳಿ.

ನುಡಿಗಣಿ

ಐತ್ಮಾತೊವ್ ಬರೆದದ್ದು ರಷ್ಯನ್‌ನಲ್ಲಿ, ಸರಿ. ತಲೆಗೆ ಹಸಿ ಚರ್ಮ ಬಿಗಿಯುವ ಆ ಚಿತ್ರ ಅವರಿಗೆ ಎಲ್ಲಿಂದ ಬಂತು? ಕಿರ್ಗಿಜರ ಮಹಾಕಾವ್ಯ ‘ಮನಾಸ್’ನಿಂದ. ಬಾಲಕ ಮನಾಸನನ್ನು ಹಿಡಿದು ತಲೆಗೆ ‘ಶಿರಿ’ ಹಾಕೋಣ ಅಂತ ಶತ್ರುಗಳು ಮಾತಾಡಿಕೊಳ್ಳುವ ಜಾಗ ಅದರಲ್ಲಿದೆ. ಅಂದರೆ ರಷ್ಯನ್ ಕಾದಂಬರಿ ಸಾಲ ತಂದದ್ದು ಕಿರ್ಗಿಜ್ ಕಣಜದಿಂದ. ಆ ಕಣಜವನ್ನು ತುಂಬಿಸಿ ಇಟ್ಟವರು ಯಾರು ಅನ್ನುವುದನ್ನು ಕೇಳಬೇಕು.

ಮನಾಸ್ ಬರೆದಿಟ್ಟ ಕಾವ್ಯವಲ್ಲ, ಹಾಡುವ ಕಾವ್ಯ. ಹಾಡುವವರನ್ನು ಮನಾಸ್ಚಿ ಅನ್ನುತ್ತಾರೆ. ಕೈಯಲ್ಲಿ ವಾದ್ಯ ಇರುವುದಿಲ್ಲ, ಬರೀ ದನಿ, ಕೈ, ಕಣ್ಣು. ಸಾಲಿಗೆ ಏಳೆಂಟು ಉಚ್ಚಾರಾಂಶ. ಮನಾಸ್, ಅವನ ಮಗ ಸೆಮೆತೆಯ್, ಮೊಮ್ಮಗ ಸೆಯ್ತೆಕ್, ಹೀಗೆ ಮೂರು ತಲೆಮಾರಿನ ಕಥೆ. ಸಯಾಕ್‌ಬಾಯ್ ಕರಲಾಯೆವ್ (1894–1971) ಹಾಡಿ ಬರೆಸಿದ ಪಾಠ 5 ಲಕ್ಷ ಸಾಲು ದಾಟುತ್ತದೆ. ಅವರಿಗಿಂತ ಹಿರಿಯರಾದ ಸಗಿಂಬಾಯ್ ಒರೊಜ್‌ಬಾಕೊವ್ ಹಾಡಿದ್ದನ್ನು 1922ರಿಂದ 1926ರವರೆಗೆ ಬರೆದುಕೊಂಡರು. ಮೊದಲ ಭಾಗವೊಂದೇ 1 ಲಕ್ಷ 80 ಸಾವಿರ ಸಾಲಿನ ಆಸುಪಾಸು. ಮಗನ ಕಥೆ, ಮೊಮ್ಮಗನ ಕಥೆ ಬರೆಸುವುದು ಆಗಲೇ ಇಲ್ಲ.

ಇಷ್ಟನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ಕುದುರೆಯ ವರ್ಣನೆ, ಸೇನೆ ಹೊರಡುವುದು, ಶ್ರಾದ್ಧದ ಔತಣ, ಹೆಂಡತಿ ಕನಿಕೆಯ್ ಕೊಡುವ ಬುದ್ಧಿಮಾತು, ಇಂಥವಕ್ಕೆಲ್ಲ ಸಿದ್ಧವಾದ ನುಡಿಗಟ್ಟುಗಳಿವೆ. ಮನಾಸ್ಚಿ ಅವನ್ನು ಆ ಹೊತ್ತಿಗೆ, ಎದುರು ಕೂತವರಿಗೆ ತಕ್ಕಂತೆ ಕಟ್ಟುತ್ತಾ ಹೋಗುತ್ತಾನೆ. ಶುರುವಿನಲ್ಲೇ ಹೇಳಿಬಿಡುತ್ತಾನೆ, ಇದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ, ಕೂತ ಜನರ ಮನಸ್ಸು ತಣಿಯಲಿ ಅಂತ ಹಾಡುತ್ತಿದ್ದೇನೆ ಎಂದು. ಈ ಕಟ್ಟುವ ಕೆಲಸ ಆ ಭಾಷೆ ಪೂರ್ತಿ ಕೈವಶ ಇಲ್ಲದವನಿಗೆ ಸಾಧ್ಯವೇ ಇಲ್ಲ. ರಷ್ಯನ್‌ನಲ್ಲಿ ಮನಾಸ್ ಓದಬಹುದು. ರಷ್ಯನ್‌ನಲ್ಲಿ ಮನಾಸ್ಚಿ ಆಗಲು ಬರುವುದಿಲ್ಲ.

ಕಲಬುರಗಿ_ಡಾಕ್ಟ್ರು

ನಾನು ಎಂಬಿಬಿಎಸ್ ಓದಿದ್ದು ಬಿಷ್ಕೆಕ್‌ನಲ್ಲಿ. ನಮ್ಮ ರಾಜ್ಯದ ಹುಡುಗರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ, ಪಾಠ ಇಂಗ್ಲಿಷ್‌ನಲ್ಲಿ, ರೋಗಿಗಳ ಜತೆ ಮಾತಾಡಲಿ ಅಂತ ರಷ್ಯನ್ ಕಲಿಸುತ್ತಾರೆ. ಹೋದ ಹೊಸದರಲ್ಲಿ ನನಗೆ ಬೆರಗಾದದ್ದು ಅಲ್ಲಿನ ದುಡ್ಡು. 500 ಸೊಮ್ ನೋಟಿನ ಮೇಲೆ ಮೇಲಿನವರು ಹೇಳಿದ ಸಯಾಕ್‌ಬಾಯ್. 100ರ ಮೇಲೆ ತೊಕ್ತೊಗುಲ್ ಅನ್ನೋ ಹಾಡುಕವಿ. 200ರ ಮೇಲೆ ಕವಿ ಅಲಿಕುಲ್ ಒಸ್ಮೊನೊವ್. ಹಳೆಯ 10ರ ನೋಟಿನ ಮೇಲೆ ಕಾಸಿಮ್ ತಿನಿಸ್ತಾನೊವ್, ವ್ಯಾಕರಣ ಬರೆದ ಮನುಷ್ಯ! ವ್ಯಾಕರಣಕಾರನನ್ನು ನೋಟಿನ ಮೇಲೆ ಹಾಕಿದ ದೇಶ ನಾನು ಬೇರೆ ಕಂಡಿಲ್ಲ.

ವಾರ್ಡಿನ ಮಾತು ಹೇಳ್ತೀನಿ. ನಾರಿನ್ ಕಡೆಯ ಒಬ್ಬ ಮುದುಕ ದಾಖಲಾಗಿದ್ದ. ರಷ್ಯನ್ ಹೆಚ್ಚುಕಡಿಮೆ ಬರ್ತಿರಲಿಲ್ಲ. ನಾನು ಕಲಿತಿದ್ದ ನಾಕು ಕಿರ್ಗಿಜ್ ಮಾತು ಆಡಿದ್ದೇ ತಡ, ‘ಮಲ್-ಜಾನ್ ಅಮಾನ್‌ಬಿ’ ಅಂದ. ದನಕರು, ಮನೆಮಂದಿ ಕ್ಷೇಮವೇ ಅಂತ. ನಮ್ಮಪ್ಪ ಬ್ಯಾಂಕಿನಲ್ಲಿ ಕ್ಲರ್ಕು, ಎಲ್ಲಿಂದ ತರಲಿ ದನ! ಎಲ್ಲ ಅರಾಮ ಅಂದೆ. ಮುಂದಿನ ಪ್ರಶ್ನೆ, ಯಾರ ಮಗ ನೀನು, ಏಳು ತಲೆ ಹೇಳು. ನನಗೆ ಮುತ್ತಜ್ಜನಿಂದಾಚೆ ಗೊತ್ತಿಲ್ಲ. ಪಕ್ಕದ ಹಾಸಿಗೆಯ ಬಳಿ ಅವನ ಮೊಮ್ಮಗ ನಿಂತಿದ್ದ, ಪ್ರೈಮರಿ ಸ್ಕೂಲ್ ಹುಡುಗ. ಅವನ ಕೈಲಿ ಹೇಳಿಸಿದ. ಹುಡುಗ ಬೆರಳು ಮಡಿಸುತ್ತಾ ಏಳೂ ಹೆಸರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ಡಿಸ್ಚಾರ್ಜ್ ದಿನ ಆ ಮುದುಕ ಎರಡೂ ಅಂಗೈ ಮೇಲೆ ಮಾಡಿ ‘ಬತಾ’ ಕೊಟ್ಟ. ಆಶೀರ್ವಾದ, ಆದರೆ ಪ್ರಾಸ ಕೂಡಿದ ಆಶೀರ್ವಾದ. ವಾರ್ಡಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕೈ ಚಾಚಿದರು, ಕೊನೆಗೆ ಮುಖ ಸವರಿಕೊಂಡು ‘ಓಮಿಯಿನ್’ ಅಂದರು. ತಮ್ಮತಮ್ಮೊಳಗೆ ಬರೀ ರಷ್ಯನ್ ಆಡುವ ನರ್ಸ್‌ಗಳೂ ಸಹ. ಅಷ್ಟು ವರ್ಷದಲ್ಲಿ ರಷ್ಯನ್‌ನಲ್ಲಿ ಬತಾ ಕೊಟ್ಟವರನ್ನು ನಾನು ನೋಡಲಿಲ್ಲ.

ತರ್ಕಕ್ಕೆ_ನಿಂತವ

ಏಳು ಹೆಸರು ಹೇಳೋಕೆ ಕಿರ್ಗಿಜ್ ಭಾಷೆ ಯಾಕೆ ಬೇಕು? ಹೆಸರಿಗೆ ವ್ಯಾಕರಣ ಇಲ್ಲ. ರಷ್ಯನ್ ಆಡೋ ಮನೆಯಲ್ಲೂ ಕಲಿಸಬಹುದು.

ನುಡಿಗಣಿ

ಕಲಿಸುತ್ತಾರೆ ಕೂಡ. ಆದರೆ ‘ಜೆತಿ ಅತಾ’, ಅಂದರೆ ಏಳು ತಂದೆಯರು, ಬರೀ ಪಟ್ಟಿಯಲ್ಲ. ತಂದೆ ಕಡೆಯಿಂದ ಏಳು ತಲೆಯೊಳಗೆ ಮದುವೆ ಕೂಡದು ಅನ್ನುವ ಕಟ್ಟಳೆಗೆ ಇದೇ ಆಧಾರ. ಹೆಸರುಗಳು ಬಂದರಷ್ಟೇ ಯಾರು ಯಾರಿಗೆ ಏನಾಗಬೇಕು ಅನ್ನುವುದು ತಿಳಿಯುತ್ತದೆ. ಆ ಹೆಸರುಗಳಿಗೆ ಅಂಟಿಕೊಂಡು ‘ಸಂಜಿರಾ’ ಬರುತ್ತದೆ, ಅಂದರೆ ಕುಲದ ಕಥೆ. ಬುಗು, ಸರಿಬಗಿಶ್, ಸೊಲ್ತೊ, ಸಯಾಕ್, ಅದಿಗಿನೆ ಹೀಗೆ ಬುಡಕಟ್ಟುಗಳು. ಅವುಗಳ ಮೇಲೆ ಬಲರೆಕ್ಕೆ, ಎಡರೆಕ್ಕೆ, ಇಚ್ಕಿಲಿಕ್ ಅನ್ನುವ ದೊಡ್ಡ ಗುಂಪುಗಳು. ಯಾವ ಅಜ್ಜ ಯಾವ ಕಣಿವೆಗೆ ಯಾಕೆ ಹೋದ, ಯಾರ ಜತೆ ಜಗಳವಾಡಿದ, ಯಾವ ಹೆಂಡತಿಯ ಮಕ್ಕಳು ಯಾವ ಕವಲಾದರು, ಇದೆಲ್ಲ ಗಾದೆ, ಅಡ್ಡಹೆಸರು, ಕುಹಕಗಳ ಸಮೇತ ಇರುವುದು. ಒಸ್ಮೊನಾಲಿ ಸಿದಿಕೊವ್ ಇದನ್ನೇ ಆಧರಿಸಿ ಕಿರ್ಗಿಜರ ಚರಿತ್ರೆ ಬರೆದು 1913–14ರಲ್ಲಿ ಊಫಾದಲ್ಲಿ ಅಚ್ಚು ಹಾಕಿಸಿದರು. ಮೂಳೆ ರಷ್ಯನ್‌ಗೆ ದಾಟುತ್ತದೆ ಸ್ವಾಮಿ, ಮಾಂಸ ದಾಟುವುದಿಲ್ಲ.

ಹುಬ್ಬಳ್ಳಿ_ಅಕ್ಕ

ಎಲ್ಲಾ ಗಂಡಸರ ಹೆಸರೇ ಆತಲ್ರೀ. ಏಳು ತಂದೆಯರು, ಏಳು ತಾಯಂದಿರು ಎಲ್ಲದಾರ? ಹೆಣ್ಮಕ್ಕಳು ಆ ಭಾಷಾದಾಗ ಏನ ಉಳಿಸ್ಯಾರ ಅಂತ ಯಾರರ ಹೇಳ್ರಿ.

ಕಲಬುರಗಿ_ಡಾಕ್ಟ್ರು

ಅಕ್ಕಾರ, ನಿಮಗೆ ಇಷ್ಟ ಆಗೋ ಒಂದು ಅದ. ಅಲ್ಲಿ ‘ತೆರ್ಗೊ’ ಅಂತ ಸಂಪ್ರದಾಯ. ಸೊಸೆ, ಅಂದರೆ ಕೆಲಿನ್, ಗಂಡನ ಕಡೆ ಹಿರಿಯರ ಹೆಸರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಬರೀ ಹೆಸರಲ್ಲ, ಆ ಹೆಸರಿನ ಹಾಗೆ ಕೇಳುವ ಮಾತೂ ಆಡಬಾರದು. ಇದರ ಮೇಲೆ ಕಿರ್ಗಿಜರೂ ಕಜಕರೂ ಹೇಳುವ ಒಂದು ಕಥೆ ಇದೆ. ಒಬ್ಬ ಸೊಸೆಗೆ ಮಾವ, ಭಾವಂದಿರ ಹೆಸರುಗಳು ನದಿ, ಜೊಂಡು, ತೋಳ, ಕುರಿ, ಚಾಕು, ಸಾಣೆಕಲ್ಲು. ನೀರಿಗೆ ಹೋದವಳಿಗೆ ಹೊಳೆಯಾಚೆ ಜೊಂಡಿನ ಪಕ್ಕ ತೋಳ ಕುರಿ ತಿನ್ನೋದು ಕಾಣಿಸ್ತು. ಕೂಗಬೇಕು, ಒಂದು ಹೆಸರೂ ಹೇಳುವಂಗಿಲ್ಲ. ಓಡಿ ಬಂದು ಹೀಗಂದಳಂತೆ: ‘ಜುಳುಜುಳು ಅನ್ನೋದರ ಆಚೆ, ಸರಸರ ಅನ್ನೋದರ ಈಚೆ, ಊಳಿಡೋದು ಬ್ಯಾ ಅನ್ನೋದನ್ನ ತಿಂತಾ ಇದೆ, ಮಸೆಯೋದರ ಮೇಲೆ ಕೊಯ್ಯೋದನ್ನ ಮಸೆದು ಬೇಗ ಬನ್ನಿ!’ ಕಿರ್ಗಿಜ್‌ನಲ್ಲಿ ಇದೆಲ್ಲ ಸದ್ದಿನ ಕ್ರಿಯಾಪದಗಳಿಂದ ಆಗಿಂದಾಗ್ಗೆ ಕಟ್ಟಿದ ಹೆಸರುಗಳು. ನನ್ನ ಕ್ಲಾಸಿನ ಕಿರ್ಗಿಜ್ ಹುಡುಗಿ ಇದನ್ನು ಹೇಳಿ ತಾನೇ ಬಿದ್ದು ಬಿದ್ದು ನಕ್ಕಳು, ಆಮೇಲೆ ರಷ್ಯನ್‌ಗೆ ಹಾಕಲು ಹೋಗಿ ಅರ್ಧಕ್ಕೇ ಕೈಬಿಟ್ಟಳು.

ಹುಬ್ಬಳ್ಳಿ_ಅಕ್ಕ

ಅಯ್ಯ ಇದು ನಮ್ಮ ಒಡಪಿನ ಅಕ್ಕ-ತಂಗಿನ ಅದ! ನಮ್ಮವ್ವ ಗಂಡನ ಹೆಸರು ಹೇಳ ಅಂದ್ರ ನಾಕು ಸಾಲು ಪ್ರಾಸ ಕಟ್ಟಿ ಕಡೀಕ ಹೆಸರು ತುರುಕತಿದ್ಲು. ಬಾಯಿ ಕಟ್ಟಿದ್ರ ಹೆಣ್ಮಕ್ಕಳು ಬಾಯಾಗ ಕಸೂತಿ ಹಾಕತಾರ. ಆದ್ರ ಒಂದ ಮಾತು, ಕಥಿ ಚಂದ ಅದ ಅಂತ ಪದ್ಧತಿ ಚಂದ ಅನ್ನಬ್ಯಾಡ್ರಿ. ಹೆಸರು ಹೇಳಬಾರದು ಅನ್ನೂದು ಸೊಸಿಗೆ ಅಷ್ಟ, ಅಳಿಯಗ ಇಲ್ಲ ಹೌದಲ್ಲೊ?

ನುಡಿಗಣಿ

ಅಕ್ಕನ ಮಾತು ಸರಿ. ಹೊರೆ ಸೊಸೆಯ ಮೇಲೇ. ಈಗಿನ ನಗರದ ಹುಡುಗಿಯರು ತೆರ್ಗೊ ಪಾಲಿಸುವುದು ಕಡಿಮೆ, ಕಥೆ ಮಾತ್ರ ಉಳಿದಿದೆ. ಹಾಗೇ ಉಳಿಯಲಿ.

ಹೆಂಗಸರ ಪಾಲಿನದು ಇನ್ನೂ ಇದೆ. ‘ಕೊಶೊಕ್’ ಅಂದರೆ ಶೋಕಗೀತೆ. ಸಾವಾದಾಗ ಬೋಜ್ ಉಯ್, ಅಂದರೆ ಕಿರ್ಗಿಜರ ಉಣ್ಣೆ ಗುಡಾರ, ಅದರೊಳಗೆ ಹೆಂಗಸರು ಕೂತು ಸತ್ತವನ ಗುಣ, ನಡೆ, ಕುಲ ಎಲ್ಲ ಸೇರಿಸಿ ಹಾಡು ಕಟ್ಟಿ ಅಳುತ್ತಾರೆ. ಗಂಡಸರು ಹೊರಗೆ ನಿಂತು ಗೋಳಿಡುತ್ತಾರೆ, ಅಷ್ಟೇ, ಹಾಡು ಅವರದ್ದಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಕೊಶೊಕ್ ಇದೆ. ರಾತ್ರಿ ಕುರಿಮಂದೆ ಕಾಯುತ್ತಾ ಹೆಂಗಸರೂ ಹುಡುಗಿಯರೂ ಹಾಡುತ್ತಿದ್ದುದು ‘ಬೆಕ್‌ಬೆಕೆಯ್’. ಕಳ್ಳನಿಗೂ ತೋಳಕ್ಕೂ ನಾವು ಎದ್ದಿದ್ದೇವೆ ಅಂತ ತಿಳಿಸುವ ಹಾಡು ಅದು. ಕುದುರೆ ಕಾಯುವ ಗಂಡಸರ ಹಾಡು ಬೇರೆ, ಅದರ ಹೆಸರು ‘ಶಿರಿಲ್ದಾನ್’.

ಬೆಕ್‌ಬೆಕೆಯ್ ಈಗ ವೇದಿಕೆಯಲ್ಲಿ, ಶಾಲೆಯ ಕಾರ್ಯಕ್ರಮದಲ್ಲಿ ಕೇಳುತ್ತದೆ, ಬೆಟ್ಟದಲ್ಲಿ ಕಡಿಮೆ. ಕೊಶೊಕ್ ಹಾಗಲ್ಲ. ಸಾವು ಇನ್ನೂ ಮನೆಗೆ ಬರುತ್ತಲೇ ಇದೆ, ಆದ್ದರಿಂದ ಅದಕ್ಕೆ ಕೆಲಸವೂ ಇದೆ. ನನ್ನ ಲೆಕ್ಕದಲ್ಲಿ ಗುಟ್ಟು ಇದೇ. ಆ ಭಾಷೆಯಲ್ಲಿ ಮಾತ್ರ ಮಾಡಲು ಆಗುವ ಕೆಲಸ ಎಷ್ಟು ಉಳಿದಿದೆ, ಅಷ್ಟು ಭಾಷೆ ಉಳಿಯುತ್ತದೆ.

ತೀರ್ಥಹಳ್ಳಿ_ಕಾಫಿ

ಕುದುರೆಗೆ ವಯಸ್ಸಿಗೊಂದು ಹೆಸರಂತೆ? ನಿಜವಾ?

ಕಲಬುರಗಿ_ಡಾಕ್ಟ್ರು

ನಿಜ. ಹುಟ್ಟಿದ ಮರಿ ಕುಲುನ್, ವರ್ಷ ತುಂಬಿದರೆ ತಾಯ್, ಆಮೇಲೆ ಕುನಾನ್. ಹೆಣ್ಣು ಬೇ, ಬೀಜದ ಗಂಡು ಅಯ್‌ಗಿರ್, ಬೀಜ ಒಡೆದದ್ದು ಅತ್. ಹಳ್ಳಿ ಹುಡುಗರು ದೂರದಿಂದ ನೋಡಿಯೇ ಹೇಳ್ತಾರೆ. ಬಿಷ್ಕೆಕ್ ಹುಡುಗರಿಗೆ ಎಲ್ಲವೂ ‘ಅತ್’.

ಬೈಂದೂರು_ಬಾಬಣ್ಣ

2023ರಲ್ಲಿ ಹೊಸ ಭಾಷಾ ಕಾನೂನು ಬಂತಲ್ಲ ಅಲ್ಲಿ. ಅಧಿಕಾರಿಗಳಿಗೆ ಕಿರ್ಗಿಜ್ ಕಡ್ಡಾಯ, ಟಿವಿ-ರೇಡಿಯೋದಲ್ಲಿ 60% ಕಿರ್ಗಿಜ್. ಮಾಸ್ಕೋದವರಿಗೆ ಹೊಟ್ಟೆ ಉರಿದು ಹೋಯ್ತು. ಇಲ್ಲಿ ನಮ್ಮ ಸರ್ಕಾರಕ್ಕೂ ಆ ಧೈರ್ಯ

ಮಾಡರೇಟರ್

ಬಾಬಣ್ಣನವರ ಪೋಸ್ಟಿನ ಉಳಿದ ಭಾಗ ತೆಗೆದಿದ್ದೇನೆ. ಕನ್ನಡ-ಹಿಂದಿ ಜಗಳಕ್ಕೆ ಬೇರೆ ಎಳೆಗಳು ಹನ್ನೆರಡು ಇವೆ, ಅಲ್ಲಿಗೆ ಹೋಗಿ. ಇಲ್ಲಿ ಕಿರ್ಗಿಜ್ ಮಾತ್ರ.

ತರ್ಕಕ್ಕೆ_ನಿಂತವ

ಕಾನೂನಿನ ವಿಷಯಕ್ಕೇ ಬರೋಣ. ಕಿರ್ಗಿಜ್‌ಸ್ತಾನ ಅಂದರೆ ಕಿರ್ಗಿಜರಷ್ಟೇ ಅಲ್ಲ. ಓಶ್, ಜಲಾಲ್-ಅಬಾದ್ ಕಡೆ ಉಜ್ಬೆಕರು ಇದ್ದಾರೆ, ದೇಶದ ಜನಸಂಖ್ಯೆಯ ಸುಮಾರು 14%. ತೊಕ್ಮೊಕ್ ಕಡೆ ದುಂಗನ್ನರು (ಚೀನಾ ಮೂಲದ ಮುಸ್ಲಿಮರು), ಉತ್ತರದಲ್ಲಿ ರಷ್ಯನ್ನರು. 2010ರ ಜೂನ್‌ನಲ್ಲಿ ಓಶ್‌ನಲ್ಲಿ ಕಿರ್ಗಿಜ್-ಉಜ್ಬೆಕ್ ಗಲಭೆಯಲ್ಲಿ ನೂರಾರು ಜನ ಸತ್ತರು. ‘ಭಾಷೆಯೇ ನಾವು’ ಅಂತ ಜೋರಾಗಿ ಹೇಳಿದಾಗ ಆ ಭಾಷೆ ಇಲ್ಲದವರು ಯಾರು ಅನ್ನೋ ಪ್ರಶ್ನೆಯೂ ಎದ್ದೇ ಏಳುತ್ತೆ. ಸಂಸ್ಕೃತಿ ಉಳಿಸೋ ಉತ್ಸಾಹದಲ್ಲಿ ಇದನ್ನ ಯಾರೂ ಹೇಳ್ತಿಲ್ಲ.

ನುಡಿಗಣಿ

ಇದು ತೂಕದ ಮಾತು, ಒಪ್ಪುತ್ತೇನೆ. ದಕ್ಷಿಣದ ಕಿರ್ಗಿಜ್ ಉಪಭಾಷೆಯಲ್ಲೇ ಉಜ್ಬೆಕ್ ಪದಗಳು ಧಾರಾಳ, ಪಠ್ಯಪುಸ್ತಕದ ಭಾಷೆಗೆ ಉತ್ತರದ್ದು ಆಧಾರವಾದದ್ದರಿಂದ ದಕ್ಷಿಣದವರ ಮಾತನ್ನು ‘ಕಲಬೆರಕೆ’ ಅಂತ ಹೀಗಳೆಯುವವರೂ ಇದ್ದಾರೆ.

ಆದರೆ ಕಾನೂನು ಎಲ್ಲಿಂದ ಹುಟ್ಟಿತು ಅನ್ನುವುದನ್ನೂ ನೋಡಿ. ಬಿಷ್ಕೆಕ್‌ಗೆ ಆಗ ಫ್ರುಂಜೆ ಅಂತ ಹೆಸರು. ಸೋವಿಯತ್ ಕಾಲದಲ್ಲಿ ದಶಕಗಟ್ಟಲೆ ಆ ರಾಜಧಾನಿಯಲ್ಲಿ ಕಿರ್ಗಿಜ್ ಮಾಧ್ಯಮದ ಶಾಲೆ ಅಂತ ಇದ್ದದ್ದು ಒಂದೇ, 5ನೇ ನಂಬರಿನದು. 1989ರ ಸೆಪ್ಟೆಂಬರ್ 23ರಂದು ಕಿರ್ಗಿಜ್ ರಾಜ್ಯಭಾಷೆಯಾಯಿತು, ಸ್ವಾತಂತ್ರ್ಯಕ್ಕಿಂತ ಎರಡು ವರ್ಷ ಮೊದಲು. 2000ದಲ್ಲಿ ರಷ್ಯನ್‌ಗೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟರು, ಅದು ಈಗಲೂ ಇದೆ.

ಲಿಪಿಯ ಕಥೆ ಇನ್ನೂ ಕಹಿ. 1911ರಲ್ಲಿ ಕಜಾನ್‌ನಲ್ಲಿ ಅಚ್ಚಾದ ಮೊಲ್ದೊ ಕಿಲಿಚ್ ಅವರ ಭೂಕಂಪದ ಕಾವ್ಯ ಅರಬ್ಬಿ ಲಿಪಿಯಲ್ಲಿತ್ತು. 1924ರ ನವೆಂಬರ್ 7ರಂದು ಹೊರಬಂದ ಮೊದಲ ಪತ್ರಿಕೆ ‘ಎರ್ಕಿನ್ ತೊ’ ಕೂಡ ಅರಬ್ಬಿಯಲ್ಲೇ. ಇಪ್ಪತ್ತರ ದಶಕದ ಕೊನೆಗೆ ಲ್ಯಾಟಿನ್ ತಂದರು. 1940ರ ಹೊತ್ತಿಗೆ ಸಿರಿಲಿಕ್. ಒಂದೇ ಆಯುಸ್ಸಿನಲ್ಲಿ ಎರಡು ಸಲ ಅಕ್ಷರ ಬದಲು. ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ಓದಲಾರ. ಡಾಕ್ಟ್ರು ಹೇಳಿದ 10ರ ನೋಟಿನ ತಿನಿಸ್ತಾನೊವ್ ಅರಬ್ಬಿ ಲಿಪಿ ತಿದ್ದಿದವರು, ಲ್ಯಾಟಿನ್ ಲಿಪಿಗೆ ದುಡಿದವರು, ಮೊದಲ ವ್ಯಾಕರಣ ಪುಸ್ತಕಗಳನ್ನು ಬರೆದವರು. 1938ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಐತ್ಮಾತೊವ್ ಅವರ ತಂದೆ ತೊರೆಕುಲ್ ಅವರನ್ನೂ ಅದೇ ಹೊತ್ತಿಗೆ. ಒಟ್ಟು 137 ಜನರ ಶವಗಳನ್ನು ಚೊನ್-ತಾಶ್ ಅನ್ನುವ ಊರಿನ ಹತ್ತಿರ ಇಟ್ಟಿಗೆ ಗೂಡಿನಲ್ಲಿ ಹಾಕಿ ಮುಚ್ಚಿದ್ದರು. ಗೂಡಿನ ಕಾವಲುಗಾರ ಸಾಯುವ ಮುಂಚೆ ಮಗಳಿಗೆ ಗುಟ್ಟು ಹೇಳಿದ್ದ, ಅವಳು ಬಾಯಿ ಬಿಟ್ಟ ಮೇಲೆ 1991ರಲ್ಲಿ ಅಗೆದು ತೆಗೆದರು. ಆ ಜಾಗ ಈಗ ‘ಅತಾ-ಬೆಯಿತ್’, ತಂದೆಯರ ಸಮಾಧಿ. ಐತ್ಮಾತೊವ್ ತೀರಿಕೊಂಡಾಗ, 2008ರಲ್ಲಿ, ಅವರನ್ನೂ ಅಲ್ಲೇ ಮಣ್ಣು ಮಾಡಿದರು.

ಬಿಳಿಗಿರಿ_ಓದುಗ

ಅಪ್ಪನ ಹೆಸರು ನೆನಪಿಸುವ ತಾಯಿಯ ಕಥೆ ಬರೆಯುವಾಗ ಆ ಮನುಷ್ಯನಿಗೆ ತನ್ನ ಅಪ್ಪ ಎಲ್ಲಿ ಬಿದ್ದಿದ್ದಾನೆ ಅನ್ನುವುದೇ ಗೊತ್ತಿರಲಿಲ್ಲ ಅಂತಾಯಿತು. ಕಾದಂಬರಿಯನ್ನು ಮತ್ತೆ ಓದಬೇಕು ನಾನು.

ಮಾತಿನಲ್ಲಿದ್ದ ಮನಾಸ್‌ಗೂ ಇಂಥ ಗತಿ ಬಂತಾ?

ನುಡಿಗಣಿ

ಹತ್ತಿರ ಬಂತು. 1952ರ ಜೂನ್‌ನಲ್ಲಿ ಫ್ರುಂಜೆಯಲ್ಲಿ ಒಂದು ಸಮ್ಮೇಳನ ಸೇರಿಸಿ, ಈ ಕಾವ್ಯ ಜನಪರವೋ ಜನವಿರೋಧಿಯೋ ಅಂತ ವಿಚಾರಣೆ ನಡೆಸಿದರು. ಕಜಕ್ ಲೇಖಕ ಮುಖ್ತಾರ್ ಅವೆಜೊವ್ ಮನಾಸ್ ಪರ ನಿಂತರು. ಅಷ್ಟರಲ್ಲಾಗಲೇ ಕಿರ್ಗಿಜ್ ಸಾಹಿತ್ಯದ ವಿದ್ವಾಂಸರು ಕೆಲವರು ಸೆರೆಮನೆಯಲ್ಲಿದ್ದರು, ಅವರಲ್ಲಿ ತಾಶಿಮ್ ಬಾಯ್‌ಜಿಯೆವ್ ಶಿಬಿರದಲ್ಲೇ ಸತ್ತರು. ಕಾವ್ಯ ಉಳಿಯಿತು. 1958–60ರಲ್ಲಿ ಕತ್ತರಿಸಿ ಹೊಂದಿಸಿದ ಪಾಠ ನಾಲ್ಕು ಸಂಪುಟದಲ್ಲಿ ಬಂತು. 1995ರಲ್ಲಿ ‘ಮನಾಸ್ ಸಾವಿರ ವರ್ಷ’ ಅಂತ ದೇಶವೇ ಹಬ್ಬ ಮಾಡಿತು. ಸಾವಿರ ಅನ್ನುವ ಲೆಕ್ಕ ಹಬ್ಬಕ್ಕೆ ಸರಿ, ಚರಿತ್ರೆಗೆ ಅಲ್ಲ. ಬರಹದಲ್ಲಿ ಸಿಕ್ಕ ದೊಡ್ಡ ತುಣುಕುಗಳು 19ನೇ ಶತಮಾನದವು; ಕಜಕ್ ವಿದ್ವಾಂಸ ವಲಿಖಾನೊವ್ 1856ರಲ್ಲಿ ಬರೆದುಕೊಂಡದ್ದು, ಆಮೇಲೆ ತುರ್ಕಿ ಭಾಷೆಗಳ ವಿದ್ವಾಂಸ ರಾಡ್ಲೊಫ್ ಬರೆದುಕೊಂಡದ್ದು.

ಗಡಿಯಾಚೆಯೂ ಇದೆ. ಚೀನಾದ ಶಿಂಜಿಯಾಂಗ್‌ನ ಕಿಜಿಲ್‌ಸು ಪ್ರಾಂತದಲ್ಲಿ ಕಿರ್ಗಿಜರಿದ್ದಾರೆ, ಈಗಲೂ ಅರಬ್ಬಿ ಲಿಪಿ. ಅಲ್ಲಿನ ಜುಸುಪ್ ಮಮಾಯ್ (2014ರಲ್ಲಿ ತೀರಿಕೊಂಡರು) ಮನಾಸನ ವಂಶದ ಎಂಟು ತಲೆಮಾರು ಹಾಡುತ್ತಿದ್ದರು. ಅಫ್ಘಾನಿಸ್ತಾನದ ಪಾಮಿರ್‌ನಿಂದ ರಹ್ಮಾನ್ ಕುಲ್ ಖಾನ್ ಜತೆ ಹೊರಟ ಕಿರ್ಗಿಜರು ಪಾಕಿಸ್ತಾನ ದಾಟಿ 1982ರಲ್ಲಿ ಟರ್ಕಿಯ ವಾನ್ ಪ್ರಾಂತ ಸೇರಿದರು, ಉಲುಪಾಮಿರ್ ಅಂತ ಊರು ಕಟ್ಟಿದರು. ಅವರ ಮಕ್ಕಳು ಶಾಲೆಯಲ್ಲಿ ಕಲಿಯುವುದು ಟರ್ಕಿಶ್ ಲ್ಯಾಟಿನ್. ಮೂರು ಕಡೆಯವರು ಒಬ್ಬರ ಕಾಗದ ಒಬ್ಬರು ಓದಲಾರರು, ಹಾಡಿದರೆ ಅರ್ಥವಾಗುತ್ತದೆ.

ತರ್ಕಕ್ಕೆ_ನಿಂತವ

ಸರಿ, ಹಳೆಯದೆಲ್ಲ ಆಯ್ತು. ಇವತ್ತಿನ ತಂದೆತಾಯಿ ಮಗೂನ ರಷ್ಯನ್ ಶಾಲೆಗೆ ಹಾಕ್ತಾರಾ ಇಲ್ವಾ?

ಕಲಬುರಗಿ_ಡಾಕ್ಟ್ರು

ಹಾಕ್ತಾರೆ. ನನ್ನ ಮನೆ ಮಾಲಕಿ ಹಳ್ಳಿಯಿಂದ ಬಂದವಳು, ಮೊಮ್ಮಗನಿಗೆ ರಷ್ಯನ್ ಶಾಲೆಯಲ್ಲಿ ಸೀಟಿಗಾಗಿ ಓಡಾಡಿದಳು. ಮಗ-ಸೊಸೆ ಇಬ್ಬರೂ ಮಾಸ್ಕೋದಲ್ಲಿ ದುಡಿಯುವವರು. ಲಕ್ಷಾಂತರ ಮಂದಿ ಹಾಗೆ ರಷ್ಯಾಕ್ಕೆ ಹೋಗಿದ್ದಾರೆ, ನಾಳೆ ಮೊಮ್ಮಗನೂ ಹೋಗಬೇಕಾದೀತು ಅನ್ನೋ ಲೆಕ್ಕ. ಆದರೆ ತಮಾಷೆ ನೋಡಿ, ಅಪ್ಪ-ಅಮ್ಮ ಹೊರಗೆ ಇರುವುದರಿಂದ ಹುಡುಗ ಬೆಳೆಯುವುದು ಅಜ್ಜಿಯ ಕೈಯಲ್ಲಿ, ಅಜ್ಜಿಗೆ ಬರುವುದು ಕಿರ್ಗಿಜ್. ‘ಅಲ್ದೆಯ್ ಅಲ್ದೆಯ್’ ಅಂತ ತೊಟ್ಟಿಲ ಹಾಡಿನಿಂದ ಹಿಡಿದು ಬೈಗುಳದವರೆಗೆ ಎಲ್ಲ ಅವಳಿಂದಲೇ ಕಲಿತ. ಸಂಜೆ ಯೂಟ್ಯೂಬ್ ಕಾರ್ಟೂನ್ ರಷ್ಯನ್‌ದು. ಸರ್ಕಾರಿ ಮಕ್ಕಳ ಚಾನೆಲ್ ‘ಬಲಾಸ್ತಾನ್’ ಹಾಕಿದರೆ ಅದನ್ನೂ ನೋಡ್ತಿದ್ದ.

ಮತ್ತೆ ಐತಿಶ್ ಬಗ್ಗೆ ಯಾರೂ ಹೇಳಲಿಲ್ಲ. ಇಬ್ಬರು ಅಕಿನ್‌ಗಳು, ಅಂದರೆ ಆಶುಕವಿಗಳು, ಮೂರು ತಂತಿಯ ಕೊಮುಜ್ ಹಿಡಿದು ಎದುರುಬದುರು ಕೂತು ಪದ್ಯದಲ್ಲೇ ಜಗಳ ಆಡೋದು. ಉತ್ತರಕ್ಕೆ ಪ್ರಾಸ ಸಿಗದೆ ತಡವರಿಸಿದವ ಸೋತ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ತುಂಬಿದ ಹಾಲ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿಗಳನ್ನೇ ಕುಟುಕ್ತಾರೆ, ಜನ ಸೀಟಿ ಹೊಡೀತಾರೆ. ಇದನ್ನು ನೋಡಲಿ ಅಂತ ಯಾವ ಕಾನೂನೂ ಹೇಳಿಲ್ಲ.

ನುಡಿಗಣಿ

ನೋಟಿನ ಮೇಲಿನ ತೊಕ್ತೊಗುಲ್ ಕೂಡ ಈ ಪೈಕಿಯೇ. ಊರಿನ ಧಣಿಗಳನ್ನು ಹಾಡಿನಲ್ಲಿ ಚುಚ್ಚಿದ್ದಕ್ಕೆ ಅವರು ಕಾದು ಕೂತಿದ್ದರು. ರಷ್ಯಾದ ಚಕ್ರವರ್ತಿಯ ಆಳ್ವಿಕೆಯ ವಿರುದ್ಧ ಎದ್ದ 1898ರ ಅಂದಿಜಾನ್ ದಂಗೆಯಲ್ಲಿ ಸೇರಿದ್ದ ಅಂತ ಅವನ ಹೆಸರು ಸೇರಿಸಿ ಸೈಬೀರಿಯಾಗೆ ಕಳಿಸಿದರು.

ತರ್ಕಕ್ಕೆ_ನಿಂತವ

ಇಷ್ಟು ಒಪ್ತೀನಿ: ಬತಾ, ಕೊಶೊಕ್, ಐತಿಶ್ ಇವು ಭಾಷೆ ಬಿಟ್ಟು ಇಲ್ಲ. ರಷ್ಯನ್ ಆಡೋ ಕಿರ್ಗಿಜ್ ಮಂಕುರ್ತ್ ಅನ್ನೋದನ್ನ ಮಾತ್ರ ಒಪ್ಪಲ್ಲ. ಆ ವಾರ್ಡಿನ ನರ್ಸ್‌ಗಳು ಕೈ ಚಾಚಿದ್ರಲ್ಲ.

ಹುಬ್ಬಳ್ಳಿ_ಅಕ್ಕ

ಅವ್ರು ಚಾಚಿದ್ರು ಖರೆ. ಅವ್ರ ಮಕ್ಕಳಿಗೆ ಬತಾ ಕೊಡಾಕ ಬರತದೇನು ಅಂತ ಕೇಳ್ರಿ.

ಬಿಳಿಗಿರಿ_ಓದುಗ

ಡಾಕ್ಟ್ರೇ, ಒಂದು ಸಲ ಮನಾಸ್ ಕೇಳಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ?

ಕಲಬುರಗಿ_ಡಾಕ್ಟ್ರು

ಸಯಾಕ್‌ಬಾಯ್ ಹೆಸರು ಹಾಕಿ ಹುಡುಕಿ, ಹಳೆಯ ಕಪ್ಪುಬಿಳುಪು ತುಣುಕು ಸಿಗುತ್ತೆ. ಸಬ್‌ಟೈಟಲ್ ಇಲ್ಲದ್ದೇ ನೋಡಿ. ನಮ್ಮ ಹಳಗನ್ನಡ ಪದ್ಯದಲ್ಲಿ ಎರಡನೇ ಅಕ್ಷರ ಪ್ರಾಸ ಹಿಡಿಯುತ್ತಲ್ಲ, ಅಲ್ಲಿ ಸಾಲಿನ ಮೊದಲ ಸದ್ದೇ ಹಿಡಿಯುತ್ತೆ. ಐದಾರು ಸಾಲು ಒಂದೇ ಅಕ್ಷರದಿಂದ ಹೊರಡುತ್ತವೆ. ಅರ್ಥ ಆಗದಿದ್ದರೂ ಕಿವಿಗೆ ಸಿಗುತ್ತೆ. ಕುದುರೆ ಓಡುವ ಭಾಗ ಬಂದಾಗ ಧಾಟಿ ಬದಲಾಗುತ್ತೆ, ಅದು ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.